ಹಾಸನದ ಮನೆಗಳಿಗೆ ಸ್ಟೀರಿಯೋ ಬಂದ ಬಗೆ

ಹಳೆಯ ವಾಲ್ವ್ ರೇಡಿಯೋದ ಬೆನ್ನಿಗಿರುವ ರಟ್ಟಿನ ಹಲಗೆಯನ್ನು ಕಂಡವರಿಗೆ ಗೊತ್ತಿರುತ್ತದೆ. ಏರಿಯಲ್ ಮತ್ತು ಅರ್ಥ್ ತಂತಿ ಸಿಕ್ಕಿಸುವ ತೂತುಗಳ ಪಕ್ಕದಲ್ಲೇ ಇನ್ನೊಂದು ಜೋಡಿ ತೂತು ಇರುತ್ತಿತ್ತು. ಅದರ ಮೇಲೆ ‘ಪಿ.ಯು.’ ಎಂಬ ಎರಡು ಅಕ್ಷರ, ಇಲ್ಲವೇ ಗ್ರಾಮಫೋನ್ ಪ್ಲೇಟಿನ ಸಣ್ಣದೊಂದು ಚಿತ್ರ. ಪಿಕಪ್ಪಿಗೆಂದು ಕಂಪನಿಯವರು ಬಿಟ್ಟ ಜಾಗ ಅದು. ರೇಡಿಯೋ ಕೊಂಡವರಲ್ಲಿ ಬಹುಪಾಲು ಮಂದಿ ಅದರ ಗೋಜಿಗೇ ಹೋದವರಲ್ಲ. ಆದರೆ ಪ್ಲೇಟು ತಿರುಗಿಸುವ ಯಂತ್ರವೊಂದನ್ನು ತಂದು ಅದರ ಎರಡು ತಂತಿಗಳನ್ನು ಅಲ್ಲಿ ಸಿಕ್ಕಿಸಿದರೆ, ಪ್ರದೇಶ ಸಮಾಚಾರ ಓದುತ್ತಿದ್ದ ಪೆಟ್ಟಿಗೆ ನಮಗೆ ಬೇಕಾದ ಹಾಡನ್ನು ಬೇಕಾದ ಹೊತ್ತಿಗೆ ಹಾಡುತ್ತಿತ್ತು. ನಮ್ಮ ಹಾಸನ ಜಿಲ್ಲೆಯಲ್ಲಿ ಮನೆಯ ಸೆಟ್ಟನ್ನು ‘ಇಂಪ್ರೂವ್’ ಮಾಡಿಸುವ ಹುಚ್ಚು ಶುರುವಾದದ್ದು ಆ ಎರಡು ತೂತುಗಳಿಂದ ಎಂದು ನನ್ನ ಲೆಕ್ಕ. ಈಗಿನ ಹುಡುಗರು ಅದೇ ತೂತಿಗೆ ಬ್ಲೂಟೂತ್ ಬೋರ್ಡ್ ಕೂರಿಸಿಕೊಡಿ ಎಂದು ಬರುತ್ತಾರೆ. ಕೂರುತ್ತದೆ, ಚೆನ್ನಾಗಿಯೇ ಹಾಡುತ್ತದೆ.

ಬಿ.ಎಂ. ರಸ್ತೆಯ ಒಂದು ರೇಡಿಯೋ ಅಂಗಡಿಗೆ ನಾನು ಕೆಲಸ ಕಲಿಯಲು ಸೇರಿದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ಆಮೇಲೆ ಅದೇ ರಸ್ತೆಯಲ್ಲಿ ನನ್ನದೇ ಸಣ್ಣ ಅಂಗಡಿ. ಒಂದು ಕಡೆ ಸಕಲೇಶಪುರ, ಆಲೂರಿನ ಕಾಫಿ ತೋಟದವರು. ಇನ್ನೊಂದು ಕಡೆ ಚನ್ನರಾಯಪಟ್ಟಣ, ಅರಸೀಕೆರೆಯ ತೆಂಗಿನವರು. ನಡುವೆ ಮೇಷ್ಟ್ರುಗಳು, ಬ್ಯಾಂಕಿನವರು, ಟೈಲರ್‌ಗಳು. 1982ರಲ್ಲಿ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂ.ಸಿ.ಎಫ್. ಬಂದ ಮೇಲೆ ಉಪಗ್ರಹ ನಡೆಸುವ ಎಂಜಿನಿಯರುಗಳೂ ಗಿರಾಕಿಗಳಾದರು. ಇವರೆಲ್ಲರ ಮನೆಯ ಹಾಡಿನ ಪೆಟ್ಟಿಗೆಗಳ ಹೊಟ್ಟೆ ಬಿಚ್ಚಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಒಂದೊಂದು ಕಾಲಕ್ಕೆ ಒಂದೊಂದು ಕೊರತೆ ಇತ್ತು. ಆ ಕೊರತೆ ಎಲ್ಲಿದೆ ಎಂದು ಹುಡುಕಿದವನು ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಸಂಗೀತ ಕೇಳಿದ. ಹುಡುಕದವನು ವ್ಯಾಟ್ ಕೊಂಡ.

ಗ್ರಾಮಫೋನಿನ ಕಾಲದಲ್ಲಿ ಸುಧಾರಿಸಲು ಇದ್ದದ್ದೇ ಒಂದು ವಸ್ತು, ಮುಳ್ಳು. ಕಲ್ಕತ್ತೆಯಲ್ಲಿ 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗಿನಿಂದ ಹಿಡಿದು ಮುಂದಿನ ಅರ್ಧ ಶತಮಾನದವರೆಗೂ ಪ್ಲೇಟು ಎಂದರೆ ಅರಗಿನ ತಟ್ಟೆ. ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ, ನಿಮಿಷಕ್ಕೆ 78 ಸುತ್ತು. ಆ ಅರಗು ಹೋಗುತ್ತಿದ್ದದ್ದೂ ನಮ್ಮ ದೇಶದ ಕಾಡುಗಳಿಂದಲೇ. ಎಚ್.ಎಂ.ವಿ.ಯ ನಾಯಿ ಮಾರ್ಕಿನ ತಗಡಿನ ಡಬ್ಬಿಯಲ್ಲಿ 200 ಉಕ್ಕಿನ ಮುಳ್ಳು ಬರುತ್ತಿದ್ದವು. ಒಂದು ಮಗ್ಗುಲು ಹಾಡಿಸಿದ ಮೇಲೆ ಮುಳ್ಳು ಬಿಸಾಡಬೇಕು ಎನ್ನುವುದು ಕಂಪನಿಯ ಮಾತು. ಬಿಸಾಡಿದವರು ಯಾರು? ಒಂದೇ ಮುಳ್ಳಿನಲ್ಲಿ ಇಡೀ ಮದುವೆ ಮುಗಿಸಿದ ಮನೆಗಳ ಪ್ಲೇಟುಗಳು ನನ್ನ ಕೈಗೆ ಬಂದಿವೆ. ಕಪ್ಪು ತಟ್ಟೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಸೌಂಡ್‌ಬಾಕ್ಸಿನ ತೂಕ ನೂರು ಗ್ರಾಂ ಮೇಲೆ. ಅಷ್ಟು ಭಾರ ಹೊತ್ತ ಮೊಂಡು ಮುಳ್ಳು ಗೀರಿನೊಳಗೆ ಉಳುತ್ತಾ ಹೋಗುತ್ತದೆ. ದನಿ ಜೋರು ಬೇಕಿದ್ದರೆ ದಪ್ಪ ಮುಳ್ಳು, ಮೆಲ್ಲಗೆ ಬೇಕಿದ್ದರೆ ತೆಳು ಮುಳ್ಳು. ವಾಲ್ಯೂಮ್ ಗುಂಡಿ ಅಂದರೆ ಅದೇ. ಅದೂ ಸಾಲದಿದ್ದರೆ ಕೊಳವೆಗೆ ಒಂದು ಬಟ್ಟೆ ತುರುಕುತ್ತಿದ್ದರು.

ಹಾಗಿದ್ದೂ ಆ ತಟ್ಟೆಗಳಲ್ಲಿ ಏನೇನು ಇತ್ತು! ಗಂಗೂಬಾಯಿ ಹಾನಗಲ್ಲರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ ಮೊದಲ ಪ್ಲೇಟುಗಳು, ಮಲ್ಲಿಕಾರ್ಜುನ ಮನ್ಸೂರರು ಎಚ್.ಎಂ.ವಿ.ಗೆ ಹಾಡಿದ್ದು, ಕಾಳಿಂಗರಾಯರದು. ಅದೇ ಪ್ಲೇಟನ್ನು ಹೊಸ ಮುಳ್ಳಿನಲ್ಲಿ ಒಮ್ಮೆ, ಸವೆದ ಮುಳ್ಳಿನಲ್ಲಿ ಒಮ್ಮೆ ಹಾಕಿ ಕೇಳಿಸಿದರೆ ಎಂಥ ಕಿವಿಯವನಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಯಂತ್ರ ಬದಲಾಗಿಲ್ಲ, ಬದಲಾದದ್ದು ಕಾಸಿಗೊಂದು ಸಿಗುವ ಉಕ್ಕಿನ ಚೂರು.

ರೇಡಿಯೋ ಬಂದಾಗ ಕೊರತೆ ಜಾಗ ಬದಲಾಯಿಸಿತು. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದಾಗ ಅವರ ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ಒಂದು ಬಲ್ಬು ಉರಿಯುವಷ್ಟು. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು 1955ರಲ್ಲಿ, ಭದ್ರಾವತಿ 1965ರಲ್ಲಿ ಬಂದವು. ಹಾಸನದ ಪಶ್ಚಿಮಕ್ಕೆ ಗುಡ್ಡಗಳ ಸಂದಿಯಲ್ಲಿದ್ದ ತೋಟದ ಮನೆಗಳಿಗೆ ಇವು ಯಾವುವೂ ಸಲೀಸಾಗಿ ಸಿಗುತ್ತಿರಲಿಲ್ಲ. ಆಗ ರೇಡಿಯೋ ಮೆಕ್ಯಾನಿಕ್ಕಿನ ದೊಡ್ಡ ಕೆಲಸವೇ ಏರಿಯಲ್ ಕಟ್ಟುವುದು. ಸಿಲ್ವರ್ ಓಕ್ ಮರದಿಂದ ಮನೆಯ ಸೂರಿಗೆ ಹೆಣೆದ ತಾಮ್ರದ ತಂತಿ, ಎರಡು ತುದಿಗೂ ಪಿಂಗಾಣಿಯ ಇನ್ಸುಲೇಟರ್. ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಅರ್ಥ್ ಕೊಡಬೇಕು. ಸೆಟ್ಟು ಬದಲಿಸದೆ ಇಷ್ಟು ಮಾಡಿದರೆ ಸಾಕು, ಗೊರಗೊರ ಎನ್ನುತ್ತಿದ್ದ ಬೆಂಗಳೂರು ಸ್ಪಷ್ಟವಾಗುತ್ತಿತ್ತು. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಸೀಲು ಹಾಕಿಸಿಕೊಳ್ಳಬೇಕಿತ್ತು; 1980ರ ದಶಕದ ನಡುವಿನ ತನಕ ಆ ಪದ್ಧತಿ ಇತ್ತು ಎಂದರೆ ಈಗ ನಂಬುವವರಿಲ್ಲ.

ಆದರೆ ಮೀಡಿಯಂ ವೇವಿಗೆ ಒಂದು ಮಿತಿ ಇದೆ. ಸ್ಟೇಷನ್ನುಗಳು ಒತ್ತೊತ್ತಾಗಿ ಕೂತಿರುವುದರಿಂದ ನಾಲ್ಕೈದು ಸಾವಿರ ಹರ್ಟ್ಸ್‌ಗಿಂತ ಮೇಲಿನ ಸೂಕ್ಷ್ಮವೆಲ್ಲ ದಾರಿಯಲ್ಲೇ ಕಳೆದುಹೋಗುತ್ತದೆ. ವೀಣೆಯ ತಂತಿಯ ಮೇಲೆ ಬೆರಳು ಜಾರುವ ಸದ್ದು, ಮೃದಂಗದ ಎಡಬಲದ ಅಂಚು, ತಂಬೂರಿಯ ಜೀವಾಳಿ ಬರುವುದಿಲ್ಲ. ಎಷ್ಟು ದೊಡ್ಡ ಸ್ಪೀಕರ್ ಹಾಕಿದರೂ ಅಷ್ಟೇ. ರಾಮನವಮಿಗೆ ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಕೂತು ಕಚೇರಿ ಕೇಳಿ ಬಂದ ರಸಿಕರಿಗೆ ಊರಿನ ರೇಡಿಯೋ ಸಪ್ಪೆ ಎನ್ನಿಸುತ್ತಿದ್ದದ್ದು ಅದಕ್ಕೇ. ಅಂಥವರು ಪಿ.ಯು. ತೂತಿನ ಕಡೆ ನೋಡಿದರು.

ಲಾಂಗ್ ಪ್ಲೇ ರೆಕಾರ್ಡು ಅಮೆರಿಕದಲ್ಲಿ 1948ರಲ್ಲೇ ಬಂದಿತ್ತು. ನಮ್ಮ ಕಡೆ ಅದು ಮನೆಮಾತಾದದ್ದು ಎಂ.ಎಸ್. ಸುಬ್ಬುಲಕ್ಷ್ಮಿ ಅವರ ವೆಂಕಟೇಶ ಸುಪ್ರಭಾತದ ಎಲ್.ಪಿ.ಯಿಂದ ಎಂದು ನನ್ನ ಅಭಿಪ್ರಾಯ, ಅದು 1963ರದು. ರೆಕಾರ್ಡ್ ಪ್ಲೇಯರಿನ ಕೈ ತುದಿಯಲ್ಲಿ ಇದ್ದದ್ದು ಕ್ರಿಸ್ಟಲ್ ಕಾರ್ಟ್ರಿಜ್. ರೋಷೆಲ್ ಉಪ್ಪು ಎಂಬ ಹರಳನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆ. ಮುಳ್ಳು ಅದುಮುತ್ತದೆ, ಹರಳು ವಿದ್ಯುತ್ ಕೊಡುತ್ತದೆ. ಬೆಲೆ ಕಡಿಮೆ, ದನಿ ಜೋರು, ರೇಡಿಯೋಗೆ ನೇರವಾಗಿ ಸಿಕ್ಕಿಸಬಹುದು. ಎಲ್ಲ ಸರಿ, ಆದರೆ ಅದು ಉಪ್ಪು! ನೀರಿನ ಪಸೆ ತಾಗಿದರೆ ಸತ್ತಂತೆ. ಮೂರು ತಿಂಗಳು ಬಿಡದೆ ಸುರಿಯುವ ಸಕಲೇಶಪುರದ ಮಳೆಗೆ ಆ ಹರಳು ಎಲ್ಲಿ ತಡೆದೀತು? ಪ್ರತಿ ಸೆಪ್ಟೆಂಬರಿನಲ್ಲಿ ತೋಟದ ಮನೆಗಳಿಂದ ಪ್ಲೇಯರುಗಳು ಸಾಲಾಗಿ ಬರುತ್ತಿದ್ದವು. ದೂರು ಒಂದೇ, “ದನಿ ಇಳಿದೋಗಿದೆ ಕಣಯ್ಯ, ವಾಲ್ವ್ ಹೋಗಿರ್ಬೇಕು.” ವಾಲ್ವಿಗೆ ಏನೂ ಆಗಿರುತ್ತಿರಲಿಲ್ಲ. ಸಿರಾಮಿಕ್ ಕಾರ್ಟ್ರಿಜ್ ಹಾಕಿಕೊಟ್ಟ ಮೇಲೆ ಮಳೆಗಾಲದ ಈ ಯಾತ್ರೆ ನಿಂತಿತು. ಮುಳ್ಳಿನ ತುದಿ ನೀಲಮಣಿಯದಾದರೆ ಕೆಲವು ಹತ್ತು ಗಂಟೆ ಬಾಳಿಕೆ, ವಜ್ರದ್ದಾದರೆ ಅದರ ಹತ್ತು ಪಟ್ಟಿಗೂ ಹೆಚ್ಚು. ವಜ್ರ ಎಂದ ಕೂಡಲೇ ಗಿರಾಕಿಗಳು ಹೆದರುತ್ತಿದ್ದರು. ಹೆದರಿ, ರೆಕಾರ್ಡು ಹಾರಿದಾಗಲೆಲ್ಲ ಕೈಯ ಮೇಲೊಂದು ಹತ್ತು ಪೈಸೆ ನಾಣ್ಯ ಅಂಟಿಸಿ ಸುಮ್ಮನಾಗುತ್ತಿದ್ದರು. ಹಾಗೆ ನಾಣ್ಯ ಇಟ್ಟು ಹಾಡಿಸಿದ ಎಲ್.ಪಿ.ಗಳನ್ನು ಈಗ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ, ಪಾಪ.

ಇನ್ನು ಸ್ಟೀರಿಯೋ. ಎರಡು ಕಿವಿಗೆ ಎರಡು ದನಿ ಎಂಬ ಯೋಚನೆಯನ್ನು ಪೂರ್ತಿಯಾಗಿ ಬರೆದು ಪೇಟೆಂಟಿಗೆ ಹಾಕಿದವನು ಅಲನ್ ಬ್ಲೂಮ್‌ಲೈನ್ ಎಂಬ ಇಂಗ್ಲಿಷ್ ಎಂಜಿನಿಯರ್, 1931ರಲ್ಲಿ. ಅವನು ಕೆಲಸಕ್ಕಿದ್ದದ್ದು ಇ.ಎಂ.ಐ.ನಲ್ಲಿ, ಅಂದರೆ ನಮ್ಮ ನಾಯಿ ಮಾರ್ಕಿನವರ ಮನೆಯಲ್ಲೇ. ಪ್ಲೇಟಿನ ಗೀರು ‘ವಿ’ ಆಕಾರದ ಕಾಲುವೆ. ಅದರ ಒಂದು ಗೋಡೆಯಲ್ಲಿ ಎಡಗಡೆಯ ದನಿ, ಇನ್ನೊಂದು ಗೋಡೆಯಲ್ಲಿ ಬಲಗಡೆಯದು, ಒಂದೇ ಮುಳ್ಳು ಎರಡನ್ನೂ ಓದುತ್ತದೆ. ಯುದ್ಧಕಾಲದಲ್ಲಿ ರೇಡಾರ್ ಪರೀಕ್ಷೆಗೆ ಹೊರಟ ವಿಮಾನ ಬಿದ್ದು 1942ರಲ್ಲಿ ಅವನು ತೀರಿಕೊಂಡ. ಸ್ಟೀರಿಯೋ ರೆಕಾರ್ಡುಗಳು ಅಂಗಡಿಗೆ ಬಂದದ್ದು 1958ರ ಹೊತ್ತಿಗೆ. ತಾನು ಕಂಡುಹಿಡಿದದ್ದನ್ನು ಜನ ಮನೆಯಲ್ಲಿ ಕೇಳುವುದನ್ನು ಅವನು ನೋಡಲೇ ಇಲ್ಲ.

ಭಾರತದ ಎಚ್.ಎಂ.ವಿ. ಎಲ್.ಪಿ.ಗಳ ನಂಬರಿನಲ್ಲೇ ಗುರುತು ಇರುತ್ತಿತ್ತು. ಇ.ಎ.ಎಲ್.ಪಿ., ಇ.ಸಿ.ಎಲ್.ಪಿ. ಎಂದಿದ್ದರೆ ಮೋನೋ, ಇ.ಎ.ಎಸ್.ಡಿ., ಇ.ಸಿ.ಎಸ್.ಡಿ. ಎಂದಿದ್ದರೆ ಸ್ಟೀರಿಯೋ. 1967ರಲ್ಲಿ ಮುದ್ರಣವಾದ ‘ಕಾಲ್ ಆಫ್ ದ ವ್ಯಾಲಿ’ ಇ.ಸಿ.ಎಸ್.ಡಿ. ಸಾಲಿನದು. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾರ ಗಿಟಾರು. ಸ್ಟೀರಿಯೋ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಕೆಲಸ ಕಲಿತ ಅಂಗಡಿಯ ಮೇಸ್ತ್ರಿಗಳು ಮಾತಾಡುತ್ತಿರಲಿಲ್ಲ, ಅದನ್ನು ಹಾಕುತ್ತಿದ್ದರು. ಕೇಳಿದವನು ಎರಡು ಸ್ಪೀಕರ್ ಬಾಕ್ಸುಗಳ ನಡುವಿನ ಖಾಲಿ ಗೋಡೆಯನ್ನು ನೋಡುತ್ತಾ, “ಅಲ್ಲಿ ಯಾರು ಬಾರಿಸ್ತಿರೋದು?” ಎನ್ನುತ್ತಿದ್ದ. ವ್ಯಾಪಾರ ಅಲ್ಲಿಗೆ ಕುದುರುತ್ತಿತ್ತು.

ತೊಂದರೆ ಮನೆಗೆ ಹೋದ ಮೇಲೆ. ಮೋನೋ ಕಾರ್ಟ್ರಿಜ್‌ನ ಮುಳ್ಳು ಅಡ್ಡಡ್ಡ ಓಲಾಡಲು ಕಲಿತದ್ದು, ಮೇಲೆ ಕೆಳಗೆ ಬಗ್ಗುವುದಿಲ್ಲ. ಅದನ್ನು ಸ್ಟೀರಿಯೋ ರೆಕಾರ್ಡಿನ ಮೇಲೆ ಇಟ್ಟರೆ ಗೋಡೆಯನ್ನೇ ಕೆರೆದುಹಾಕುತ್ತದೆ. ಆದ್ದರಿಂದ ಮೊದಲ ಹೆಜ್ಜೆಯಾಗಿ ಸ್ಟೀರಿಯೋ ಕಾರ್ಟ್ರಿಜ್ ಹಾಕಿ, ಅದರ ಎಡಬಲದ ತಂತಿಗಳನ್ನು ಜೋಡಿಸಿ, ಅದೇ ಹಳೇ ರೇಡಿಯೋಗೆ ಕೊಡುತ್ತಿದ್ದೆವು. ದನಿ ಒಂದೇ ಬಾಕ್ಸಿನಿಂದ ಬಂದರೂ ರೆಕಾರ್ಡು ಉಳಿಯುತ್ತಿತ್ತು. ಎರಡನೆಯ ಹೆಜ್ಜೆಯಾದ ಸ್ಟೀರಿಯೋ ಆಂಪ್ಲಿಫೈಯರ್ ಕೊಳ್ಳಲು ಕೆಲವರಿಗೆ ವರ್ಷಗಳೇ ಬೇಕಾದವು. ವಿದೇಶದ್ದು ತರಿಸೋಣವೆಂದರೆ ಆಮದು ಲೈಸೆನ್ಸು, ಮೇಲೆ ಸುಂಕ. ದೇಶದ್ದೆಂದರೆ ಫಿಲಿಪ್ಸ್, ಕಾಸ್ಮಿಕ್, 1970ರಲ್ಲಿ ಶುರುವಾದ ಕಲ್ಕತ್ತೆಯ ಸೋನೋಡೈನ್. ಮೇಷ್ಟ್ರ ಸಂಬಳಕ್ಕೆ ಅವೂ ದೂರವೇ.

ಅಲ್ಲಿಂದ ದಾರಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುತ್ತದೆ. ಬೆಳಗಿನ ಮೊದಲ ಬಸ್ಸು ಹತ್ತಿ, ಕುಣಿಗಲ್, ನೆಲಮಂಗಲ ದಾಟಿ ಮೆಜೆಸ್ಟಿಕ್ಕಿನಲ್ಲಿ ಇಳಿದು, ನಡೆದೇ ಸದರ್ ಪತ್ರಪ್ಪ ರಸ್ತೆ ಸೇರುವುದು. ಆಗ ಅಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಗುಜರಿ, ಮೋಟಾರು, ಬೇರಿಂಗು, ತಾಮ್ರದ ತಂತಿ, ರೇಡಿಯೋ ಸಾಮಾನು. ಸರ್ಕಾರಿ ಕಾರ್ಖಾನೆಗಳ ಹರಾಜಿನಲ್ಲಿ ಎತ್ತಿದ ಮಾಲು ಗೋಣಿಚೀಲದಲ್ಲಿ ಬಂದು ಬೀಳುತ್ತಿತ್ತು. ಕಂಡೆನ್ಸರುಗಳನ್ನು ತೂಕಕ್ಕೆ ಮಾರುತ್ತಿದ್ದರು. ಬೆಂಗಳೂರಿಗೆ ಇನ್ನೊಂದು ಭಾಗ್ಯವಿತ್ತು. ಜಾಲಹಳ್ಳಿಯ ಬಿ.ಇ.ಎಲ್. 1960ರ ದಶಕದ ಆರಂಭದಲ್ಲೇ ರೇಡಿಯೋ ವಾಲ್ವು, ಅದರ ಬೆನ್ನಿಗೆ ಜರ್ಮೇನಿಯಂ ಟ್ರಾನ್ಸಿಸ್ಟರು, ಆಮೇಲೆ ಸಿಲಿಕಾನ್ ಟ್ರಾನ್ಸಿಸ್ಟರು ಮಾಡತೊಡಗಿತ್ತು. ಎಸ್‌ಎಲ್ 100, ಎಸ್‌ಕೆ 100 ಜೋಡಿಯ ಹೆಸರು ಹೇಳಿದರೆ ನನ್ನ ವಯಸ್ಸಿನ ಯಾವ ಮೆಕ್ಯಾನಿಕ್ಕಿನ ಮುಖವಾದರೂ ಅರಳುತ್ತದೆ. ಟೋಪಿ ಹಾಕಿದ ಸಣ್ಣ ಲೋಹದ ಗುಂಡಿ. ಬಿಸಿಯಾದರೂ ಸುಡುತ್ತಿರಲಿಲ್ಲ, ತಪ್ಪಾಗಿ ಸಿಕ್ಕಿಸಿದರೂ ಒಮ್ಮೊಮ್ಮೆ ಕ್ಷಮಿಸುತ್ತಿತ್ತು.

‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆ 1969ರಿಂದ ಬರುತ್ತಿತ್ತು. ಅದರಲ್ಲಿನ ಸರ್ಕ್ಯೂಟುಗಳನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸುತ್ತಿದ್ದೆವು. ಟಿಬಿಎ 810 ಎಂಬ ಐಸಿ ಬಂದಾಗ ಕೆಲಸ ಹಗುರವಾಯಿತು. ಎರಡು ಬೋರ್ಡು, ಒಂದು ಟ್ರಾನ್ಸ್‌ಫಾರ್ಮರ್, ಗುಂಡಿಗಳು, ಸ್ಟೀರಿಯೋ ಸೆಟ್ಟು ತಯಾರು. ಹೆಚ್ಚು ದನಿ ಬೇಕು ಎಂದವರಿಗೆ 2ಎನ್3055 ಟ್ರಾನ್ಸಿಸ್ಟರಿನ ಆಂಪ್ಲಿಫೈಯರ್. ಆಮೇಲೆ ಎಸ್‌ಟಿಕೆ ಐಸಿ. 2ಎನ್3055ಗೆ ಎಷ್ಟು ಬೇಡಿಕೆ ಇತ್ತೆಂದರೆ ಬೇರೆ ಯಾವುದೋ ಟ್ರಾನ್ಸಿಸ್ಟರಿನ ಅಕ್ಷರ ಉಜ್ಜಿ ಇದರ ನಂಬರು ಹೊಡೆದು ಮಾರುವವರು ಹುಟ್ಟಿಕೊಂಡರು. ಅಂಗೈಯಲ್ಲಿ ತೂಗಿ ನೋಡುವುದು, ಬೆನ್ನಿನ ಮೇಲೆ ಉಗುರಿನಿಂದ ಅಕ್ಷರ ಕೆರೆದು ನೋಡುವುದು ನಮ್ಮ ಪರೀಕ್ಷೆ. ಸಂದೇಹ ಉಳಿದರೆ ಒಂದನ್ನು ಗರಗಸದಿಂದ ಕೊಯ್ದು ಒಳಗಿನ ಸಿಲಿಕಾನ್ ಚೂರಿನ ಗಾತ್ರ ನೋಡುತ್ತಿದ್ದೆವು. ಟ್ರಾನ್ಸ್‌ಫಾರ್ಮರಿನಲ್ಲೂ ಮೋಸ ಇತ್ತು. ತಾಮ್ರದ ಬದಲು ಅಲ್ಯೂಮಿನಿಯಂ ಸುತ್ತುತ್ತಿದ್ದರು. ‘ಸೆಟ್ಟಿನ ಮರ್ಯಾದೆ ಟ್ರಾನ್ಸ್‌ಫಾರ್ಮರಿನ ತೂಕದಲ್ಲಿದೆ’ ಎಂದು ಮೇಸ್ತ್ರಿಗಳು ಹೇಳುತ್ತಿದ್ದದ್ದು ಸುಳ್ಳಲ್ಲ. ಹಗುರ ಟ್ರಾನ್ಸ್‌ಫಾರ್ಮರ್, ಸಣ್ಣ ಫಿಲ್ಟರ್ ಕಂಡೆನ್ಸರ್ ಹಾಕಿದ ಸೆಟ್ಟು ಹಾಡಿಲ್ಲದಾಗಲೂ ‘ಹೂಂ’ ಎನ್ನುತ್ತಿರುತ್ತದೆ.

ಇಂಥ ಅಸೆಂಬಲ್ ಸೆಟ್ಟುಗಳೇ ನಮ್ಮ ಕಡೆಯ ಮಧ್ಯಮ ವರ್ಗದ ಮನೆಗಳಿಗೆ ಸ್ಟೀರಿಯೋ ತಂದದ್ದು. ಕಂಪನಿಗಳ ಇತಿಹಾಸದಲ್ಲಿ ಇವುಗಳ ಮಾತು ಬರುವುದಿಲ್ಲ, ಯಾಕೆಂದರೆ ಇವಕ್ಕೆ ಹೆಸರೇ ಇರಲಿಲ್ಲ. ಮುಂದಿನ ತಗಡಿನ ಮೇಲೆ ಬಾಸ್, ಟ್ರೆಬಲ್, ಬ್ಯಾಲೆನ್ಸ್ ಎಂದು ಬರೆದಿದ್ದರೆ ಸಾಕಿತ್ತು.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಸೆಟ್ಟು ದೊಡ್ಡದು ಮಾಡಿಸಬೇಕು, ‘ಬಾಸು ಸಾಲದು’ ಎಂದು ಬಂದವರಲ್ಲಿ ಎಷ್ಟೋ ಮಂದಿಯ ಮನೆಗೆ ಹೋಗಿ ನೋಡಿದರೆ ಒಂದು ಬಾಕ್ಸಿನ ಎರಡು ತಂತಿ ಅದಲುಬದಲಾಗಿರುತ್ತಿತ್ತು. ಆಗ ಒಂದು ಸ್ಪೀಕರಿನ ಕಾಗದ ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತದೆ, ಬಾಸು ಎರಡರ ನಡುವೆ ಹೊಡೆದುಹೋಗುತ್ತದೆ. ಟಾರ್ಚಿನ ಒಂದು ಸೆಲ್ಲನ್ನು ತಂತಿಗೆ ಮುಟ್ಟಿಸಿದರೆ ಸ್ಪೀಕರಿನ ಕಾಗದ ಮುಂದೆ ಬಂತೋ ಹಿಂದೆ ಹೋಯಿತೋ ಕಣ್ಣಿಗೇ ಕಾಣುತ್ತದೆ. ಎರಡೂ ಒಂದೇ ಕಡೆ ಚಲಿಸಬೇಕು. ಇದಕ್ಕೆ ನಯಾಪೈಸೆ ಖರ್ಚಿಲ್ಲ. ಇನ್ನು ಬಾಕ್ಸುಗಳನ್ನು ಇಡುವ ಜಾಗ: ಒಂದು ಬೀರುವಿನ ಮೇಲೆ, ಇನ್ನೊಂದು ಕಿಟಕಿಯ ಗೂಡಿನಲ್ಲಿ. ಅಥವಾ ಷೋಕೇಸಿನ ಗಾಜಿನ ಬಾಗಿಲ ಹಿಂದೆ, ಗೊಂಬೆಗಳ ನಡುವೆ ಎರಡನ್ನೂ ಒತ್ತೊತ್ತಾಗಿ. ಬ್ಲೂಮ್‌ಲೈನನ ಹತ್ತಾರು ಪುಟದ ಪೇಟೆಂಟು ಆ ಷೋಕೇಸಿನೊಳಗೆ ವ್ಯರ್ಥ. ಹಳೆಯ ತೊಟ್ಟಿಮನೆಗಳಲ್ಲಿ ಮರದ ಅಟ್ಟ, ಹೆಂಚು, ಗೋಡೆಯುದ್ದಕ್ಕೂ ಸಾಮಾನು. ದನಿ ಹಿತವಾಗಿ ಹರಡುತ್ತಿತ್ತು. ಆರ್‌ಸಿಸಿ ಮನೆಗಳು ಬಂದು, ಬರೀ ಗೋಡೆ, ಮೊಸಾಯಿಕ್ ನೆಲ ಆದ ಮೇಲೆ ಅದೇ ಸೆಟ್ಟು ಕಿರುಚತೊಡಗಿತು. ಒಂದು ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಬಿಡಿ ಎಂದರೆ ಗಿರಾಕಿಗೆ ಅವಮಾನವಾಗುತ್ತಿತ್ತು. ಅವನು ಬಂದದ್ದು ಆಂಪ್ಲಿಫೈಯರ್ ಕೊಳ್ಳಲು!

ಕೊರತೆ ಮನೆಯ ಹೊರಗೂ ಇರಬಹುದು. ಒಬ್ಬ ಸಂಗೀತದ ಮೇಡಂ ತಮ್ಮ ಶಿಷ್ಯೆಯರಿಗೆ ಎಲ್.ಪಿ. ಹಾಕಿ ಪಾಠ ಮಾಡುತ್ತಿದ್ದರು. ಅವರು ಬಂದು ಕೇಳಿದ್ದು ನನಗಿನ್ನೂ ನೆನಪಿದೆ: “ಏನಪ್ಪಾ, ಸಂಜೆ ಆದ್ರೆ ಎಂ.ಎಸ್. ಅವರಿಗೂ ಶ್ರುತಿ ಇಳಿಯುತ್ತಾ?” ಬೆಳಗ್ಗೆ ಶ್ರುತಿಪೆಟ್ಟಿಗೆಗೆ ಸರಿಯಾಗಿ ಕೂರುವ ರೆಕಾರ್ಡು ಸಂಜೆ ಏಳಕ್ಕೆ ಕೆಳಗೆ ಜಾರುತ್ತಿತ್ತು. ಪ್ಲೇಯರಿನಲ್ಲಿ ದೋಷವಿಲ್ಲ. ಆ ಮೋಟಾರುಗಳ ವೇಗ ಕರೆಂಟಿನ ಫ್ರೀಕ್ವೆನ್ಸಿಯ ಹಿಂದೆ ಹೋಗುತ್ತದೆ. 50 ಹರ್ಟ್ಸ್ ಇರಬೇಕಾದದ್ದು ವಿದ್ಯುತ್ ಕೊರತೆಯ ಆ ವರ್ಷಗಳಲ್ಲಿ, ಊರಿನ ದೀಪಗಳೆಲ್ಲ ಹತ್ತುವ ಹೊತ್ತಿಗೆ, 48ರ ಆಸುಪಾಸಿಗೆ ಬೀಳುತ್ತಿತ್ತು. ನೂರಕ್ಕೆ ನಾಲ್ಕು ಕಡಿಮೆ ಎಂದರೆ ಸುಮಾರು ಮುಕ್ಕಾಲು ಸ್ವರಸ್ಥಾನ. ಸಾಮಾನ್ಯರಿಗೆ ತಿಳಿಯುವುದಿಲ್ಲ, ಮೇಡಂಗೆ ತಿಳಿಯದೆ ಇರುತ್ತದೆಯೇ? ದಕ್ಷಿಣ ಭಾರತದ ಇಡೀ ವಿದ್ಯುತ್ ಜಾಲವನ್ನು ಸುಧಾರಿಸದೆ ಅವರ ಸೆಟ್ಟನ್ನು ಸುಧಾರಿಸುವ ಹಾಗಿರಲಿಲ್ಲ. ಪಾಠವನ್ನು ಬೆಳಗ್ಗೆಗೆ ಹಾಕಿಕೊಳ್ಳಿ ಮೇಡಂ ಎಂದೆ, ಹಾಕಿಕೊಂಡರು.

ಕ್ಯಾಸೆಟ್ಟು ಈ ಲೋಕವನ್ನು ಬುಡಮೇಲು ಮಾಡಿತು. ಫಿಲಿಪ್ಸ್ ಅದನ್ನು 1963ರಲ್ಲೇ ತಂದಿದ್ದರೂ ನಮ್ಮ ಅಂಗಡಿಗೆ ಅದು ಬಂದದ್ದು ಶಿರಾಡಿ ಘಾಟಿ ಹತ್ತಿ. ಮಂಗಳೂರು, ಉಡುಪಿ ಕಡೆಯವರು ಕೊಲ್ಲಿ ದೇಶಗಳಿಂದ ತಂದ ಟೂ-ಇನ್-ಒನ್‌ಗಳು ನೆಂಟರ ಕೈ ದಾಟಿ ಹಾಸನಕ್ಕೆ ಬರುತ್ತಿದ್ದವು. ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಸೆಟ್ಟುಗಳೂ ಬಂದವು, ಬಹುಪಾಲು ಸುಟ್ಟೇ ಬಂದವು. ಅಲ್ಲಿನ 110 ವೋಲ್ಟಿನ ಸೆಟ್ಟನ್ನು ಇಲ್ಲಿನ 230ಕ್ಕೆ ಸಿಕ್ಕಿಸಿದರೆ ಒಂದು ಸಲ ಹೊಗೆ ಬರುತ್ತದೆ, ಅಷ್ಟೇ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂತು. ಭಾವಗೀತೆ ಕೇಳಲು ರೇಡಿಯೋದವರ ಮರ್ಜಿ ಕಾಯುವುದು ಅಲ್ಲಿಗೆ ಮುಗಿಯಿತು. ಆಮೇಲೆ ಅಶ್ವತ್ಥರ ಹಾಡು, ಭೀಮಸೇನ ಜೋಶಿಯವರ ದಾಸವಾಣಿ, ಮಾಸ್ಟರ್ ಹಿರಣ್ಣಯ್ಯನವರ ನಾಟಕ, ಘಟ್ಟದ ಕೆಳಗಿನವರ ತಾಳಮದ್ದಳೆ. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಬಸ್ಸು, ಹೋಟೆಲು, ಕಟಿಂಗ್ ಷಾಪು ಎಲ್ಲೆಲ್ಲೂ ಅದೇ.

ಕ್ಯಾಸೆಟ್ಟಿನ ಕೊರತೆ ಇದ್ದದ್ದು ಹೆಡ್ಡಿನಲ್ಲಿ. ಟೇಪಿನ ಕಂದು ಪುಡಿ ಅದರ ಮೇಲೆ ಕೂತು ದನಿ ಮಂಕಾಗುತ್ತದೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದರೆ ಹೊಸದರಂತೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕಿವಿಯಿಟ್ಟು ಕೇಳುತ್ತಾ ಕೂದಲೆಳೆಯಷ್ಟು ತಿರುಗಿಸಿದರೆ ಮುಚ್ಚಿದ್ದ ತಾಳದ ಸದ್ದು ತೆರೆದುಕೊಳ್ಳುತ್ತದೆ. ಹೊಸ ಡೆಕ್ಕು ಕೊಳ್ಳಲು ಹೊರಟವರನ್ನು ಈ ಸ್ಕ್ರೂ ತಿರುಗಿಸಿ ವಾಪಸು ಕಳಿಸಿದ್ದೇನೆ. ವ್ಯಾಪಾರಿಯಾಗಿ ಅದು ಜಾಣತನವಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು.

ಆ ಕಾಲದ್ದೇ ಮಡಕೆ ಬಾಕ್ಸು. ಆರು ಇಂಚಿನ ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕೂರಿಸಿ, ತಳದ ತೂತಿನಿಂದ ತಂತಿ ಎಳೆದು ಮೂಲೆಯಲ್ಲಿ ಇಡುವುದು. ಟೈಲರ್ ಅಂಗಡಿ, ಸೈಕಲ್ ಷಾಪುಗಳಲ್ಲಿ ಜೋಡಿ ಮಡಕೆ ಹಾಡುತ್ತಿದ್ದವು. ಓದಿದವರು ನಗುತ್ತಿದ್ದರು. ಆದರೆ ಎಂ.ಸಿ.ಎಫ್.ನ ಎಂಜಿನಿಯರೊಬ್ಬರು ನಗಲಿಲ್ಲ. ಬೆರಳಿನಿಂದ ತಟ್ಟಿ ನೋಡಿ, “ಸರಿಯಾಗಿಯೇ ಮಾಡಿದ್ದಾರೆ ಕಣ್ರೀ” ಎಂದರು. ಮಡಕೆಗೆ ಎದುರುಬದುರು ಗೋಡೆಗಳಿಲ್ಲ, ಒಳಗೆ ದನಿ ಹಿಂದೆಮುಂದೆ ಬಡಿದಾಡುವುದಿಲ್ಲ. ಸುಟ್ಟ ಮಣ್ಣು ಗಟ್ಟಿ, ಗಡಗಡ ಅದುರುವುದಿಲ್ಲ. ತೆಳು ಹಲಗೆಯ ಅಂಗಡಿ ಬಾಕ್ಸಿಗಿಂತ ಅದು ಎಷ್ಟೋ ವಾಸಿ. ಬಾಸು ಸ್ವಲ್ಪ ಗುಂಯ್ ಎನ್ನುತ್ತದೆ ನಿಜ. ಒಳಗೆ ಒಂದು ಹಿಡಿ ಹತ್ತಿ ತುರುಕಿದರೆ ಅದೂ ಹದಕ್ಕೆ ಬರುತ್ತದೆ.

1990ರ ದಶಕವನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಸೆಟ್ಟಿನ ಶಕ್ತಿ ಹೇಳಲೆಂದು ಪಿ.ಎಂ.ಪಿ.ಒ. ಎಂಬ ನಾಲ್ಕು ಅಕ್ಷರ ಬಂದು ವ್ಯಾಪಾರದ ಮಾನ ಕಳೆಯಿತು. ಮುಂದೆ ಬಂಗಾರದ ಅಕ್ಷರದಲ್ಲಿ 400 ವ್ಯಾಟ್. ಹಿಂದೆ ತಿರುಗಿಸಿ ನೋಡಿದರೆ ಗೋಡೆಯಿಂದ ಎಳೆಯುವ ಕರೆಂಟು 25 ವ್ಯಾಟ್. ಗೋಡೆ ಕೊಡದ ಶಕ್ತಿಯನ್ನು ಪೆಟ್ಟಿಗೆ ಎಲ್ಲಿಂದ ತಂದೀತು? ಆ ಲೆಕ್ಕಕ್ಕೆ ಯಾವ ಅಳತೆಗೋಲೂ ಇರಲಿಲ್ಲ. ವ್ಯಾಟ್ ಎರಡು ಪಟ್ಟಾದರೆ ದನಿ ಎರಡು ಪಟ್ಟಾಗುವುದಿಲ್ಲ. ಕಿವಿಗೆ ಎರಡು ಪಟ್ಟು ಅನ್ನಿಸಲು ಹತ್ತು ಪಟ್ಟು ವ್ಯಾಟ್ ಬೇಕು. ಹಳೇ ವಾಲ್ವ್ ರೇಡಿಯೋ ಮೂರ್ನಾಲ್ಕು ವ್ಯಾಟಿನಲ್ಲಿ ಹಜಾರ ತುಂಬಿಸುತ್ತಿತ್ತು, ಯಾಕೆಂದರೆ ಅದರ ಸ್ಪೀಕರು ಒಳ್ಳೆಯದಿತ್ತು, ಮರದ ಪೆಟ್ಟಿಗೆ ಒಳ್ಳೆಯದಿತ್ತು. ಸಿ.ಡಿ. ಬಂತು, ಮುಳ್ಳಿನ ಕೆರೆತ, ಟೇಪಿನ ಹುಸ್ಸ್ ಎರಡೂ ಹೋದವು. ಅದರ ಬೆನ್ನಿಗೇ ಒಂದೇ ತಟ್ಟೆಯಲ್ಲಿ 150 ಹಾಡು ತುರುಕಿದ ಎಂಪಿ3 ಬಂದು, ಗಳಿಸಿದ್ದರಲ್ಲಿ ಅರ್ಧ ಕಳೆಯಿತು. ಹೋಮ್ ಥಿಯೇಟರಿನ ಐದು ಬಾಕ್ಸುಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಎರಡನ್ನೇ ಸರಿಯಾಗಿ ಇಡಲು ಬಾರದ ಮನೆಯಲ್ಲಿ ಐದು ಏನು ಮಾಡಿಯಾವು?

ಈಗ ಫೋನಿನಿಂದ ಬರುವ ಸಂಗೀತ, ಅಂಗೈಯಗಲದ ಆಂಪ್ಲಿಫೈಯರ್ ಬೋರ್ಡು ಎರಡೂ ಚೆನ್ನಾಗಿಯೇ ಇವೆ, ಅಗ್ಗವಾಗಿಯೂ ಇವೆ. ಮುಳ್ಳು, ಏರಿಯಲ್ಲು, ಕಾರ್ಟ್ರಿಜ್, ಹೆಡ್ಡು ಯಾವುದರ ತಾಪತ್ರಯವೂ ಇಲ್ಲ. ಉಳಿದಿರುವ ಕೊರತೆ ಸ್ಪೀಕರು ಮತ್ತು ಕೋಣೆಯದು ಮಾತ್ರ. ಹತ್ತು ರೂಪಾಯಿ ಇದ್ದರೆ ಏಳನ್ನು ಬಾಕ್ಸಿಗೆ ಹಾಕಿ, ಉಳಿದದ್ದರಲ್ಲಿ ಬೇರೆಲ್ಲ ಮುಗಿಸಿ ಎನ್ನುತ್ತೇನೆ. ಬಾಕ್ಸುಗಳ ನಡುವೆ ಆರೇಳು ಅಡಿ ಅಂತರ ಕೊಡಿ, ಟ್ವೀಟರು ಕೂತವರ ಕಿವಿಯ ಮಟ್ಟಕ್ಕಿರಲಿ, ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ಎಳೆಯಿರಿ. ಜಾಲಹಳ್ಳಿಯಲ್ಲಿ ಮಾಡಿದ ವಾಲ್ವುಗಳು ಈಗ ವಿದೇಶಗಳಲ್ಲೂ ಮಾರಾಟಕ್ಕೆ ಸಿಗುತ್ತವೆ ಎಂದು ಎಂಜಿನಿಯರ್ ಮಿತ್ರರೊಬ್ಬರು ತೋರಿಸಿದರು. ನಾವು ಡಬ್ಬಿಗಟ್ಟಲೆ ಬಿಸಾಡಿದ ಮಾಲು ಅದು.

ಕೊನೆಗೊಂದು ಕೋರಿಕೆ. ನಿಮ್ಮ ಅಟ್ಟದ ಮೇಲೆ ತಾತನ ಕಾಲದ ರೇಡಿಯೋಗ್ರಾಮೋ, ರೇಡಿಯೋವೋ ಇದ್ದರೆ ತಂದು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಬೇಡಿ. ದಶಕಗಳಿಂದ ಕರೆಂಟು ಕಾಣದ ಫಿಲ್ಟರ್ ಕಂಡೆನ್ಸರುಗಳು ಒಣಗಿರುತ್ತವೆ. ಅವು ಸಿಡಿದರೆ ಟ್ರಾನ್ಸ್‌ಫಾರ್ಮರನ್ನೂ ಕೊಂಡೊಯ್ಯುತ್ತವೆ, ಅದು ಮತ್ತೆ ಸಿಗುವ ವಸ್ತುವಲ್ಲ. ವಾಲ್ವ್ ಸೆಟ್ಟಿನಲ್ಲಿ 250 ವೋಲ್ಟಿನ ಮೇಲೆ ಡಿ.ಸಿ. ಓಡಾಡುತ್ತದೆ, ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಕಚ್ಚುತ್ತದೆ, ಆದ್ದರಿಂದ ಗೊತ್ತಿಲ್ಲದವರು ಕೈ ಹಾಕಬಾರದು. ಹಳೇ ಮೆಕ್ಯಾನಿಕ್ಕುಗಳು ನಿಮ್ಮೂರಲ್ಲಿ ಇನ್ನೂ ಒಬ್ಬಿಬ್ಬರು ಇರುತ್ತಾರೆ. 60 ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಮೊದಲು ಎಚ್ಚರಿಸುವುದು ಅವರಿಗೆ ಗೊತ್ತು. 78ರ ಪ್ಲೇಟುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಡಿ, ಅರಗು ಕರಗುತ್ತದೆ. ಬರೀ ನೀರಿಗೆ ಎರಡು ತೊಟ್ಟು ಸೋಪು ಹಾಕಿ, ಮೆತ್ತನೆ ಬಟ್ಟೆಯಲ್ಲಿ ಗೀರಿನ ಗುಂಟ ಒರೆಸಿ, ನೆರಳಲ್ಲಿ ಆರಿಸಿ. ಗುಜರಿಯವನಿಗೆ ಕೊಡುವ ಮೊದಲು ಒಮ್ಮೆ ಯಾರಿಗಾದರೂ ತೋರಿಸಿ.